ಅರ್ಧ ಅಡಿ ಗಿಡ್ಡ ಗೋಡೆ

೧೯೬೨ರಲ್ಲಿ ನಾನು ಚಿಂತಾಮಣಿಯ ತಾಲ್ಲೂಕು ಅಭಿವೃದ್ಧಿ ಕಚೇರಿಯಲ್ಲಿ ಓವರ್ಸಿಯರ್ ಆಗಿದ್ದೆ. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಓವರ್ಸಿಯರ್ ಎಂದರೆ ಎಂಜಿನಿಯರಿಗಿಂತ ಕೆಳಗೆ, ಮೇಸ್ತ್ರಿಗಿಂತ ಮೇಲೆ. ನಕ್ಷೆ ಹಿಡಿದು ಜಾಗದಲ್ಲಿ ಗುರುತು ಹಾಕುವುದು, ಕೆಲಸ ಒಂದು ಹಂತಕ್ಕೆ ಬಂದಾಗ ಅಳೆಯುವುದು, ಸರಿಯಿದ್ದರೆ ಸರ್ಟಿಫಿಕೇಟ್ ಬರೆಯುವುದು, ಇವು ನನ್ನ ಕೆಲಸಗಳು. ಬೆಳಿಗ್ಗೆ ಐದಕ್ಕೆ ಏಳುತ್ತಿದ್ದೆ, ಏಳಕ್ಕೆ ಸೈಕಲ್ ಹತ್ತುತ್ತಿದ್ದೆ. ಯಾವ ದಿನ ಯಾವ ಹಳ್ಳಿ ಎಂದು ತಿಂಗಳ ಮೊದಲನೆಯ ತಾರೀಖೇ ಪಟ್ಟಿ ಬರೆದಿಡುತ್ತಿದ್ದೆ. ಪಟ್ಟಿ ತಪ್ಪಿಸಿದ್ದು ಕಡಿಮೆ. ತಪ್ಪಿಸದೆ ಇದ್ದದ್ದರಿಂದಲೇ ಆದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ವರ್ಷ ಹಳ್ಳಿಗಳಲ್ಲಿ ಸ್ವಂತ ಕೈಯಿಂದ ಮನೆ ಕಟ್ಟಿಕೊಳ್ಳುವವರಿಗೆ ಚಾವಣಿಯ ಮರ ಮತ್ತು ಮಂಗಳೂರು ಹೆಂಚು ಕೊಡುವ ಏರ್ಪಾಡೊಂದು ನಮ್ಮ ಕಚೇರಿಯ ಮೂಲಕ ನಡೆಯುತ್ತಿತ್ತು. ಪಾಯ ಮತ್ತು ಗೋಡೆ ಕಟ್ಟುವುದು ಮನೆಯವರ ಹೊಣೆ. ಗೋಡೆ ಪೂರ್ತಿ ಎತ್ತರಕ್ಕೆ ಬಂದಿದೆ, ಅಳತೆ ಸರಿಯಿದೆ ಎಂದು ಮಾರ್ಚ್ ಮೂವತ್ತೊಂದರೊಳಗೆ ಓವರ್ಸಿಯರ್ ಬರೆದುಕೊಡಬೇಕು. ಬರೆಯದಿದ್ದರೆ ಆ ಮರ, ಆ ಹೆಂಚು ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತಿತ್ತು.

ನನ್ನ ಪಟ್ಟಿಯಲ್ಲಿ ಕೆಂಚಾರ್ಲಹಳ್ಳಿಯ ಹತ್ತಿರದ ಒಂದು ಊರಿನ ಪಿಳ್ಳಪ್ಪ, ಅಕ್ಕಯ್ಯಮ್ಮ ಎಂಬ ದಂಪತಿಗಳಿದ್ದರು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಪಿಳ್ಳಪ್ಪನ ಅಣ್ಣ ಮುನಿಶಾಮಪ್ಪನ ಮನೆಯಲ್ಲೇ ಇದ್ದರು. ಜಗಳವಾಗಿ ಬೇರೆ ಹೊರಟವರಲ್ಲ. ಒಂದು ಪಡಸಾಲೆ, ಒಂದು ಅಡುಗೆಮನೆಯಲ್ಲಿ ಹನ್ನೊಂದು ಜನ, ಅದರ ಮೇಲೆ ರೇಷ್ಮೆ ಹುಳು. ಅಕ್ಕಯ್ಯಮ್ಮ ಹುಳು ಸಾಕುವುದರಲ್ಲಿ ಕೈ ಪಳಗಿದವಳು. ಆದರೆ ಹುಳುವಿನ ತಟ್ಟೆಗಳು ಅಡುಗೆಮನೆಯ ಪಕ್ಕದಲ್ಲೇ ಇದ್ದದ್ದರಿಂದ ಹೊಗೆ, ಸೆಕೆ ಎಲ್ಲ ಅವುಗಳ ಮೇಲೇ ಕೂರುತ್ತಿತ್ತು. ಹಿಂದಿನ ವರ್ಷ ಎರಡು ಬೆಳೆ ಒಂದರ ಹಿಂದೊಂದು ಹಾಳಾಗಿದ್ದವು. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಹುಳು ಪೊರೆ ಬಿಡುವ ಕಾಲ, ಅದನ್ನು ದಾಟಿ ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ತಟ್ಟೆಗಟ್ಟಲೆ ಹುಳು ಸತ್ತಿದ್ದವು. ಮೊದಲ ದಿನ ಗುರುತು ಹಾಕಲು ಹೋದಾಗ ಪಿಳ್ಳಪ್ಪ ನನಗೆ ಹೇಳಿದ್ದು ಇಷ್ಟೇ.

"ಸತ್ತ ಹುಳ ಗುಡಿಸಿ ಹೊರಗೆ ಹಾಕಿದ ದಿನ ಇವಳು ಅನ್ನ ಉಣ್ಣಲಿಲ್ಲ ಸ್ವಾಮಿ. ಇನ್ನೊಂದು ಬೆಳೆ ಹಂಗೆ ಹೋದ್ರೆ ಹುಳದ ಸಹವಾಸಾನೇ ಬ್ಯಾಡ ಅಂತಾಳೆ. ನಮಗಿರೋದು ಅದೊಂದೇ ಕಸುಬು."

ಮನೆ ಇಪ್ಪತ್ತೇಳು ಅಡಿ ಉದ್ದ, ಎರಡು ಕೋಣೆ. ಒಂದು ಅಡುಗೆಗೆ ಮತ್ತು ವಾಸಕ್ಕೆ, ಇನ್ನೊಂದು ಹುಳುವಿಗೆ. ನಕ್ಷೆ ಕಚೇರಿಯದು. ಎಲ್ಲ ಹಳ್ಳಿಗಳಿಗೂ ಒಂದೇ ನಮೂನೆ, ಅದನ್ನು ನಾವು ಟೈಪ್ ಡಿಸೈನ್ ಎನ್ನುತ್ತಿದ್ದೆವು. ಕೋಣೆಗೊಂದು ಕಿಟಕಿ ಅದರಲ್ಲಿತ್ತು.

ಜನವರಿ ಕೊನೆಗೆ ಪಾಯ ತೆಗೆದರು, ಫೆಬ್ರವರಿ ಮೂರನೆಯ ವಾರಕ್ಕೆ ಕಲ್ಲಿನ ತಳಕಟ್ಟು ಮುಗಿಯಿತು. ಗೋಡೆಗೆ ಎರಡೂ ಕಡೆಯ ನೆಂಟರು ಬಂದರು. ಅಣ್ಣ ಮುನಿಶಾಮಪ್ಪ ತನ್ನ ಕಡೆಯ ಆರೇಳು ಜನರನ್ನು ಸೇರಿಸಿದ. ಅಕ್ಕಯ್ಯಮ್ಮನ ತಂದೆ ಅಶ್ವತ್ಥಪ್ಪ ಗೌರಿಬಿದನೂರಿನ ಆಚೆಯ ತನ್ನ ಊರಿನಿಂದ ಗಾಡಿ ಕಟ್ಟಿಕೊಂಡು, ಮಂಚೇನಹಳ್ಳಿ, ಚಿಕ್ಕಬಳ್ಳಾಪುರದ ಮೇಲೆ ಮೂರು ದಿನ ಪ್ರಯಾಣ ಮಾಡಿ, ಇಬ್ಬರು ಗಂಡುಮಕ್ಕಳು ಮತ್ತು ತಮ್ಮಂದಿರೊಂದಿಗೆ ಬಂದಿಳಿದ. ಇದು ಆ ಸೀಮೆಯ ಮುಯ್ಯಾಳು ಪದ್ಧತಿ. ಇವತ್ತು ನಿನ್ನ ಮನೆಗೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿ ಇಲ್ಲ, ಊಟ ಉಂಟು.

ಬೀಗರು ಬೀಗರು ಒಂದೇ ಗೋಡೆಗೆ ಕೈ ಹಾಕಿದರೆ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆ ಬರುತ್ತದೆ. ಅವರು ಅದನ್ನು ಜಾಣತನದಿಂದ ಬಗೆಹರಿಸಿಕೊಂಡಿದ್ದರು. ಮುಂದಿನ ಉದ್ದಗೋಡೆ ಅಣ್ಣನ ಕಡೆಯವರದು, ಹಿಂದಿನ ಉದ್ದಗೋಡೆ ತವರಿನವರದು. ಎರಡೂ ಎದ್ದ ಮೇಲೆ ಪಕ್ಕದ ಗೋಡೆಗಳನ್ನು ಎಲ್ಲರೂ ಸೇರಿ ಮುಗಿಸುವುದು. ನನಗೂ ಇದು ಸರಿಯೆನಿಸಿತು. ಮೂಲೆಗಳಲ್ಲಿ ಹಲ್ಲು ಬಿಟ್ಟು ಕಟ್ಟಿ, ಆಮೇಲಿನ ಗೋಡೆ ಕಚ್ಚಿಕೊಳ್ಳುತ್ತದೆ ಎಂದು ಹೇಳಿದೆ.

"ಎತ್ತರ ಎಷ್ಟು ಸ್ವಾಮಿ?" ಎಂದು ಅಶ್ವತ್ಥಪ್ಪ ಕೇಳಿದ.

"ಒಂಬತ್ತು ಅಡಿ."

"ಅಡಿ ಗಿಡಿ ನಮಗೆ ತಿಳಿಯಲ್ಲ. ಮೊಳದಲ್ಲಿ ಹೇಳಿ."

ಒಂದು ಮೊಳ ಎಂದರೆ ಹದಿನೆಂಟು ಅಂಗುಲ, ಹದಿನೆಂಟು ಆರಲಿ ನೂರೆಂಟು ಅಂಗುಲ, ಒಂಬತ್ತು ಅಡಿ. ಲೆಕ್ಕ ಸರಿಯಾಗಿತ್ತು. "ಆರು ಮೊಳ" ಎಂದು ಹೇಳಿ ಸೈಕಲ್ ಹತ್ತಿದೆ. ಹಳ್ಳಿಯವರ ಅಳತೆಯಲ್ಲೇ ಹೇಳಿದೆನಲ್ಲ ಎಂದು ಸ್ವಲ್ಪ ಸಂತೋಷವೂ ಆಗಿತ್ತು. ಆ ದಿನದ ಡೈರಿಯಲ್ಲಿ "ಗೋಡೆಯ ಎತ್ತರದ ಬಗ್ಗೆ ಸೂಚನೆ ನೀಡಲಾಯಿತು" ಎಂದು ಬರೆದೆ. ಯಾವ ಸೂಚನೆ ಎಂದು ಬರೆಯಲಿಲ್ಲ.

ಮಣ್ಣಿನ ಗೋಡೆಯನ್ನು ಒಂದೇ ಸಲ ಎಬ್ಬಿಸುವುದಿಲ್ಲ. ಕಲಸಿ ಕೊಳೆಸಿದ ಮಣ್ಣನ್ನು ಒಂದು ಮೊಳದ ಎತ್ತರಕ್ಕೆ ಮೆತ್ತಿ, ಮೂರು ನಾಲ್ಕು ದಿನ ಒಣಗಲು ಬಿಟ್ಟು, ಅದರ ಮೇಲೆ ಮತ್ತೊಂದು ಮೊಳ. ಒಂದೊಂದಕ್ಕೂ ವರಸೆ ಎಂದು ಹೆಸರು. ಆರು ವರಸೆ ಎಂದರೆ ತಿಂಗಳಿಗೆ ಹತ್ತಿರ. ಗೋಡೆಯ ತಲೆ ಮುಗಿಯುವವರೆಗೆ ನನ್ನ ಪಟ್ಟಿಯಲ್ಲಿ ಆ ಊರು ಇರಲಿಲ್ಲ. ಹೋಗಲಿಲ್ಲ.

ಮಾರ್ಚ್ ಇಪ್ಪತ್ತಾರು, ಸೋಮವಾರ, ಒಂಬತ್ತು ಗಂಟೆಗೆ ಅಲ್ಲಿಗೆ ಹೋದೆ. ಎರಡೂ ಉದ್ದಗೋಡೆಗಳು ಎದ್ದು ನಿಂತಿದ್ದವು, ಪಕ್ಕದ ಗೋಡೆಗಳು ಮಾತ್ರ ಬಾಕಿ ಇದ್ದವು. ತೂಗುಗುಂಡು ಬಿಟ್ಟು ನೋಡಿದೆ, ಕೂದಲೆಳೆಯಷ್ಟೂ ವಾಲಿರಲಿಲ್ಲ. ಇಷ್ಟು ಒಳ್ಳೆಯ ಗೋಡೆಯನ್ನು ಕೂಲಿ ಕೊಟ್ಟು ಕಟ್ಟಿಸಿದ ಕಡೆಯೂ ನಾನು ಕಂಡಿರಲಿಲ್ಲ. ಮುಂದಿನ ಗೋಡೆಯ ತಲೆಯಿಂದ ಹಿಂದಿನ ಗೋಡೆಯ ತಲೆಗೆ ದಾರ ಎಳೆಸಿ ಮಟ್ಟಗೋಲು ಇಟ್ಟೆ. ಗಾಜಿನೊಳಗಿನ ಗುಳ್ಳೆ ಮುಂದಿನ ಗೋಡೆಯ ಕಡೆಗೆ ಓಡಿತು. ಮಟ್ಟಗೋಲು ತಿರುಗಿಸಿ ಇಟ್ಟೆ, ಆಗಲೂ ಗುಳ್ಳೆ ಅದೇ ಗೋಡೆಯ ಕಡೆಗೆ ಓಡಿತು. ಅಂದರೆ ಮಟ್ಟಗೋಲು ಸರಿಯಾಗಿತ್ತು, ದಾರ ಇಳಿಜಾರಾಗಿತ್ತು. ಟೇಪು ಬಿಟ್ಟೆ. ಮುಂದಿನ ಗೋಡೆ ಒಂಬತ್ತು ಅಡಿ ಮೂರು ಅಂಗುಲ, ಹಿಂದಿನ ಗೋಡೆ ಎಂಟು ಅಡಿ ಒಂಬತ್ತು ಅಂಗುಲ. ನಡುವೆ ಅರ್ಧ ಅಡಿ.

"ಒಂಬತ್ತು ಅಡಿ ಅಂತ ನಾನು ಹೇಳಿರಲಿಲ್ಲವೇ?" ಎಂದು ಗದರಿದೆ.

ಪಿಳ್ಳಪ್ಪ ಮೆಲ್ಲಗೆ ಹೇಳಿದ. "ಆರು ಮೊಳ ಅಂದ್ರಿ ಸ್ವಾಮಿ. ಆರೇ ಮೊಳ ಹಾಕಿದ್ದೀವಿ."

"ಯಾರ ಮೊಳ?"

ಮುನಿಶಾಮಪ್ಪ ತನ್ನ ಬಲಗೈ ಎತ್ತಿದ. ಹಿಂದಿನ ಗೋಡೆಯ ಕಡೆಯಿಂದ ಅಶ್ವತ್ಥಪ್ಪನೂ ಕೈ ಎತ್ತಿದ.

ಇಬ್ಬರನ್ನೂ ಕರೆದು ಮೊಳಕೈಗಳನ್ನು ಒಂದು ಹಲಗೆಯ ಮೇಲೆ ಅಕ್ಕಪಕ್ಕ ಇಡಿಸಿ ಅಳೆದೆ. ಮುನಿಶಾಮಪ್ಪ ಎತ್ತರದ ಆಳು, ಅವನ ಮೊಳ ಹದಿನೆಂಟೂವರೆ ಅಂಗುಲ. ಅಶ್ವತ್ಥಪ್ಪ ಕುಳ್ಳು, ಅವನದು ಹದಿನೇಳೂವರೆ. ನನ್ನ ಪುಸ್ತಕದ ಹದಿನೆಂಟು ಅಂಗುಲದ ಮೊಳ ಇಬ್ಬರ ನಡುವೆ ಎಲ್ಲೋ ಗಾಳಿಯಲ್ಲಿತ್ತು.

"ಏನು ಬೀಗ್ರೇ, ಮಗಳ್ನ ಕೊಡೋವಾಗ ಧಾರಾಳವಾಗಿ ಕೊಟ್ರಿ, ಮೊಳ ಕೊಡೋವಾಗ ಯಾಕೆ ಹಿಂದೇಟು ಹಾಕಿದ್ರಿ?" ಎಂದ ಮುನಿಶಾಮಪ್ಪ.

"ನಿಮ್ಮ ಕೈ ಎಷ್ಟು ದೂರ ಹೋಗುತ್ತೆ ಅಂತ ಮದುವೆ ಊಟದಲ್ಲೇ ನೋಡಿದ್ನಲ್ಲಪ್ಪ. ಪಕ್ಕದೆಲೆ ಹೋಳಿಗೆವರ್ಗೂ ಹೋಗ್ತಿತ್ತು."

ಎಲ್ಲರೂ ನಕ್ಕರು. ನಾನು ಮಟ್ಟಗೋಲನ್ನು ಚೀಲಕ್ಕೆ ಹಾಕುತ್ತ, ಈ ಸ್ಥಿತಿಯಲ್ಲಿ ಸರ್ಟಿಫಿಕೇಟ್ ಬರೆಯಲು ಬರುವುದಿಲ್ಲ ಎಂದೆ. ನಗು ನಿಂತಿತು. ಗೋಡೆಗಳ ತಲೆ ಸಮ ಇಲ್ಲದಿದ್ದರೆ ಚಾವಣಿಯ ಎರಡು ಮಗ್ಗುಲು ಕೂಡುವುದಿಲ್ಲ, ಕೂಡಿಸಿದರೂ ಭಾರವೆಲ್ಲ ಗಿಡ್ಡ ಗೋಡೆಯ ಕಡೆಗೆ ಒತ್ತುತ್ತದೆ. ಉಳಿದದ್ದು ಐದು ದಿನ. ಮರ, ಹೆಂಚು ಕೈತಪ್ಪಿದರೆ ಗೋಡೆ ಬಯಲಲ್ಲಿ ನಿಲ್ಲುತ್ತದೆ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ ಮಳೆ. ಬರಿಗೋಡೆಯ ಮೇಲೆ ಎರಡು ಮಳೆ ಬಿದ್ದರೆ ತಿಂಗಳ ಕೆಲಸ ಮತ್ತೆ ಕೆಸರು.

ದಾರಿ ಎರಡೇ ಎಂದು ಹೇಳಿದೆ. ಮುಂದಿನ ಗೋಡೆಯ ತಲೆ ಅರ್ಧ ಅಡಿ ಕಡಿಯಬೇಕು, ಇಲ್ಲವೇ ಹಿಂದಿನದನ್ನು ಅರ್ಧ ಅಡಿ ಏರಿಸಬೇಕು. ಒಣಗಿದ ಗೋಡೆಯ ಮೇಲೆ ಅರ್ಧ ಅಡಿಯ ತೆಳು ಹಸಿಮಣ್ಣು ಕಚ್ಚುವುದಿಲ್ಲ, ಒಣಗಲೂ ವಾರ ಬೇಕು. ಆದ್ದರಿಂದ ಕಡಿಯುವುದೇ ಒಳ್ಳೆಯದು.

"ಎದ್ದ ಗೋಡೆ ತಲೆ ಕಡಿಯೋದಾ?" ಎಂದ ಮುನಿಶಾಮಪ್ಪ. "ನನ್ನ ತಮ್ಮನ ಮನೆ ಸ್ವಾಮಿ. ಒಳಗೆ ಕಾಲಿಡೋ ಮುಂಚೆ ಅದರ ತಲೆ ತೆಗೆಯೋ ಕೆಲಸ ನನ್ನ ಕೈಲಿ ಮಾಡಿಸಬ್ಯಾಡಿ."

"ಕಡೀಬ್ಯಾಡಿ ಬಿಡಿ," ಎಂದ ಅಶ್ವತ್ಥಪ್ಪ. "ತವರಿನೋರ ಗೋಡೆ ಕುಳ್ಳು ಅಂತ ನಾಳೆ ಊರೆಲ್ಲ ಅಂದ್ಕೊಳ್ಳಲಿ. ನಾನು ಗಾಡಿ ಕಟ್ತೀನಿ."

ತಮಾಷೆಯಲ್ಲಿ ಆರಂಭವಾದದ್ದು ಎರಡು ನಿಮಿಷದಲ್ಲಿ ಇಲ್ಲಿಗೆ ಬಂದಿತ್ತು. ಪಿಳ್ಳಪ್ಪ ಅಣ್ಣನ ಮುಖ, ಮಾವನ ಮುಖ ನೋಡುತ್ತ ನಡುವೆ ನಿಂತಿದ್ದ. ಆಗ ನಾನು ಹೇಳಬೇಕಾದ ಮಾತು ಒಂದಿತ್ತು, ಹೇಳಿದೆ. "ತಪ್ಪು ನಿಮ್ಮಿಬ್ಬರದೂ ಅಲ್ಲ. ಅಳತೆಯ ಕೋಲು ಕೊಡದೆ ಬಾಯಲ್ಲಿ ಮೊಳ ಹೇಳಿ ಹೋದವನು ನಾನು." ಗೋಡೆ ಇದರಿಂದ ಎತ್ತರವಾಗಲಿಲ್ಲ. ಆದರೆ ಅಶ್ವತ್ಥಪ್ಪ ಗಾಡಿಯ ಕಡೆ ಹೊರಟವನು ನಿಂತ.

ಅಕ್ಕಯ್ಯಮ್ಮ ನೀರಿನ ಕೊಡ ಇಳಿಸಿ ಹಿಂದಿನ ಗೋಡೆಯ ಪಕ್ಕದಲ್ಲಿ ನಿಂತಿದ್ದಳು. ಗಂಡನ ಅಣ್ಣನ ಎದುರು ನೇರ ಮಾತಾಡುವ ರೂಢಿ ಅವಳಿಗಿರಲಿಲ್ಲ. ಗಂಡನಿಗೆ ಹೇಳುವ ಹಾಗೆ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು.

"ಏನಂದ್ರೆ, ಯಾರ ಗೋಡೇನೂ ಮುಟ್ಟೋದು ಬ್ಯಾಡ. ಈ ಕಡೆ ತೊಲೆ ಮಾತ್ರ ಮೇಲೆ ಎತ್ತಿ ಕೂರಿಸಿದ್ರೆ ಆಗಲ್ವಾ ಅಂತ ಕೇಳಿ."

"ಗೋಡೆ ಇಲ್ಲದೆ ತೊಲೆ ಗಾಳೀಲಿ ಕೂರುತ್ತೇನೇ?" ಎಂದ ಪಿಳ್ಳಪ್ಪ.

ನಾನು ಅವಳನ್ನೇ ಕೇಳಿದೆ. "ಎತ್ತಿ ಕೂರಿಸೋದು ಅಂದರೆ ಹೇಗಮ್ಮ?"

ಅವಳು ಹೇಳಿದಳು. "ಶಿಡ್ಲಘಟ್ಟಕ್ಕೆ ಗೂಡು ಹಾಕೋಕೆ ಹೋದಾಗ ನೂಲು ತೆಗೆಯೋರ ಮನೆ ನೋಡಿದ್ದೆ. ಒಳಗೆ ಒಲೆ ಉರೀತಿರುತ್ತೆ, ಬಿಸಿನೀರು ಕುದೀತಿರುತ್ತೆ, ಆದ್ರೂ ಹೆಂಗಸರು ಕೂತು ಕೆಲಸ ಮಾಡ್ತಿದ್ರು. ಸೂರಿನ ಕೆಳಗೆ ಉದ್ದಕ್ಕೂ ಸಂದಿ ಬಿಟ್ಟಿದ್ರು, ಹಬೆ ಎಲ್ಲ ಅಲ್ಲೇ ಹೋಗ್ತಿತ್ತು. ಅಲ್ಲಲ್ಲಿ ಇಟ್ಟಿಗೆ ಇಟ್ಟು ಅದರ ಮೇಲೆ ತೊಲೆ ಇಟ್ಟಿದ್ರು. ಸೆಕೆ ಯಾವಾಗ್ಲೂ ಮೇಲೆ ನಿಲ್ಲುತ್ತೆ ಸ್ವಾಮಿ. ಕಿಟಕಿ ಕೆಳಗಿದ್ರೆ ಅದು ಹೆಂಗೆ ಹೊರಗೆ ಹೋಗಬೇಕು? ನಮ್ಮ ಹುಳ ಸತ್ತಿದ್ದೇ ಅದಕ್ಕೆ."

ನಾನು ನಕ್ಷೆ ಬಿಡಿಸಿ ನೋಡಿದೆ. ಕೋಣೆಗೊಂದು ಕಿಟಕಿ, ನೆಲದಿಂದ ಮೂರಡಿ ಮೇಲೆ. ಅವಳು ಹೇಳಿದ್ದು ಸರಿ. ಆ ನಕ್ಷೆಯನ್ನು ಬರೆದವರು ಮನುಷ್ಯರ ಮನೆ ಬರೆದಿದ್ದರು. ತಾಲ್ಲೂಕಿನ ಅರ್ಧ ಮನೆಗಳಲ್ಲಿ ಹುಳು ಇರುತ್ತದೆ ಎಂಬುದನ್ನು ದಿನವೂ ನೋಡುತ್ತಿದ್ದ ನಾನೂ ಅದನ್ನು ಯೋಚಿಸಿರಲಿಲ್ಲ.

ಹಲಗೆಯ ಮೇಲೆ ಕೂತು ಲೆಕ್ಕ ಹಾಕಿದೆ. ಇಪ್ಪತ್ತೇಳು ಅಡಿ ಗೋಡೆಯ ಮೇಲೆ ಮೂರು ಮೂರು ಅಡಿಗೊಂದು ಸುಟ್ಟ ಇಟ್ಟಿಗೆಯ ಗಟ್ಟಿ, ಅಂದರೆ ಮೋಟು ಕಂಬ, ಒಟ್ಟು ಹತ್ತು. ಮೂರು ಅಂಗುಲದ ಇಟ್ಟಿಗೆ ಎರಡು ಸಾಲು ಇಟ್ಟರೆ ಆರು ಅಂಗುಲ, ಬೇಕಾದದ್ದು ಅಷ್ಟೇ. ಗಟ್ಟಿಗೆ ನಾಲ್ಕರಂತೆ ನಲವತ್ತು ಇಟ್ಟಿಗೆ, ಗಾರೆಯಲ್ಲಿ ಕೂರಿಸಬೇಕು. ಅದರ ಮೇಲೆ ಉದ್ದಕ್ಕೂ ತೊಲೆ, ನಮ್ಮ ಭಾಷೆಯಲ್ಲಿ ವಾಲ್ ಪ್ಲೇಟ್. ಚಾವಣಿಯ ಪ್ರತಿ ಜೋಡಿ ಮರ ಸರಿಯಾಗಿ ಒಂದೊಂದು ಗಟ್ಟಿಯ ನೇರಕ್ಕೇ ಬರಬೇಕು. ನನಗಿದ್ದ ಹೆದರಿಕೆ ಭಾರದ್ದಲ್ಲ, ಗಾಳಿಯದು. ಸಂದಿಯಲ್ಲಿ ನುಗ್ಗಿದ ಗಾಳಿ ಚಾವಣಿಯನ್ನು ಎತ್ತಬಹುದು. ಅದಕ್ಕೆ ಗೋಡೆಯೊಳಗೆ ಅಡ್ಡಗೂಟ ಹೊಡೆದು, ತೊಲೆಯನ್ನು ಅವಕ್ಕೆ ಕಬ್ಬಿಣದ ತಂತಿಯಿಂದ ಬಿಗಿಯಬೇಕು. ಇಲಿ ಬರದ ಹಾಗೆ ಸಂದಿಗೆ ಬಿದಿರಿನ ಜಾಲರಿ. ಇಷ್ಟು ಮಾಡಿದರೆ ಎರಡೂ ಕಡೆ ಒಂಬತ್ತು ಅಡಿ ಮೂರು ಅಂಗುಲ.

"ನಲವತ್ತು ಸುಟ್ಟ ಇಟ್ಟಿಗೆ ಇವತ್ತೇ ಬೇಕು," ಎಂದೆ.

ಮುನಿಶಾಮಪ್ಪ ಎದ್ದು ಹೋದ. ತನ್ನ ಮನೆಯ ಬಚ್ಚಲೊಲೆ ಕಟ್ಟಲು ತಂದು ಒಟ್ಟಿದ್ದ ಇಟ್ಟಿಗೆಗಳನ್ನು ತಾನೇ ಮಕ್ಕರಿಯಲ್ಲಿ ಹೊತ್ತು ತಂದು ಹಿಂದಿನ ಗೋಡೆಯ ಬುಡದಲ್ಲಿ ಇಳಿಸಿದ. "ತಗೊಳ್ಳಿ ಬೀಗ್ರೇ. ನಿಮ್ಮ ಗೋಡೆಗೆ ನಮ್ಮ ಕಡೆಯಿಂದ ಮೆಟ್ಟು."

"ಮೆಟ್ಟು ಬ್ಯಾಡ, ಕಿರೀಟ ಅನ್ನಿ. ತಲೆ ಮೇಲೆ ಇಡೋದು ಕಿರೀಟಾನೇ," ಎಂದ ಅಶ್ವತ್ಥಪ್ಪ. ಗಾಡಿ ಕಟ್ಟುವ ಮಾತು ಅಲ್ಲಿಗೆ ಮುಗಿಯಿತು.

ನಾನು ಹೊರಡುವ ಮುಂಚೆ ಬಿದಿರಿನ ಗಳವೊಂದನ್ನು ಸರಿಯಾಗಿ ಮೂರು ಅಡಿಗೆ ಕತ್ತರಿಸಿ ಪಿಳ್ಳಪ್ಪನ ಕೈಗೆ ಕೊಟ್ಟೆ. "ಇನ್ನು ಮೇಲೆ ಈ ಮನೆಯಲ್ಲಿ ಇದೊಂದೇ ಅಳತೆ," ಎಂದೆ. ನಾಲ್ಕು ದಿನದಲ್ಲಿ ಗಟ್ಟಿಗಳು ಕೂತವು. ಪಕ್ಕದ ಗೋಡೆಗಳಿಗೆ ಮಣ್ಣಿನ ವರಸೆ ಒಣಗುವ ಸಮಯವಿರಲಿಲ್ಲ. ಬಿಸಿಲಲ್ಲಿ ಒಣಗಿಸಿಟ್ಟಿದ್ದ ಹಸಿ ಇಟ್ಟಿಗೆಗಳನ್ನು ಊರಿನ ಮೂರು ಮನೆಗಳಿಂದ ಕೇಳಿ ತಂದು ಅವನ್ನೂ ಎಬ್ಬಿಸಿದರು.

ಮಾರ್ಚ್ ಮೂವತ್ತರ ಸಂಜೆ ಹೋಗಿ ಅಳೆದು ಬಂದೆ. ಮೂವತ್ತೊಂದರ ಬೆಳಿಗ್ಗೆ ಸರ್ಟಿಫಿಕೇಟಿನ ಜೊತೆಗೆ ಒಂದು ಸ್ಕೆಚ್ ಲಗತ್ತಿಸಿ ನಮ್ಮ ಅಧಿಕಾರಿಗಳ ಮುಂದೆ ಇಟ್ಟೆ. ನಮೂನೆ ಬಿಟ್ಟು ಕಟ್ಟಿದ ಮನೆಗೆ ಅವರ ಒಪ್ಪಿಗೆ ಇಲ್ಲದೆ ಸಾಮಾನು ಹೊರಡುತ್ತಿರಲಿಲ್ಲ. ಅವರು ಸ್ಕೆಚ್ಚನ್ನು ತಿರುವಿ ನೋಡಿದರು.

"ಇದು ಟೈಪ್ ಡಿಸೈನಿನಲ್ಲಿ ಎಲ್ಲಿದೆ?"

"ಇಲ್ಲ ಸಾರ್. ಅಳತೆ ಹೇಳಿದ ತಪ್ಪು ನನ್ನದು. ಉಪಾಯ ಆ ಮನೆಯ ಹೆಣ್ಣುಮಗಳದು. ಭಾರದ ಲೆಕ್ಕ ಹಿಂದಿನ ಪುಟದಲ್ಲಿದೆ."

ಲೆಕ್ಕ ಓದಿದರು. "ಗಾಳಿ ಬಂದು ಚಾವಣಿ ಹಾರಿದರೆ ಯಾರು ಜವಾಬ್ದಾರಿ?"

"ನಾನು ಸಾರ್."

"ಹಾಗಾದರೆ ಅದನ್ನೂ ಬರೆಯಿರಿ."

ಸರ್ಟಿಫಿಕೇಟಿನ ಕೆಳಗೆ ಅದನ್ನೂ ಬರೆದು ರುಜು ಹಾಕಿದೆ. ಅವರು ಪಕ್ಕದಲ್ಲಿ ತಮ್ಮ ರುಜು ಹಾಕಿದರು.

ಯುಗಾದಿ ಕಳೆದ ಮರುವಾರ ಮರ ಮತ್ತು ಹೆಂಚು ಊರಿಗೆ ಹೋದವು. ಅಶ್ವತ್ಥಪ್ಪನ ಕಡೆಯವರು ಹಬ್ಬಕ್ಕೂ ಊರಿಗೆ ಹೋಗದೆ ಅಲ್ಲೇ ಉಳಿದಿದ್ದರು. ಏಪ್ರಿಲ್ ಹತ್ತೊಂಬತ್ತಕ್ಕೆ ಕೊನೆಯ ಹೆಂಚು ಕೂತಿತು. ಮೂರು ದಿನ ಬಿಟ್ಟು ಸಾಯಂಕಾಲ ಅಶ್ವಿನಿ ಮಳೆ ಆಲಿಕಲ್ಲಿನ ಜೊತೆ ಹೊಡೆಯಿತು. ಚಿಂತಾಮಣಿಯಲ್ಲಿ ನನ್ನ ಬಾಡಿಗೆ ಮನೆಯ ಮುಂದಿನ ಹೊಂಗೆಯ ಕೊಂಬೆ ಮುರಿದು ಬಿತ್ತು. ಮಾರನೆಯ ದಿನದ ಪಟ್ಟಿಯಲ್ಲಿ ಬೇರೆ ಹಳ್ಳಿ ಇತ್ತು. ನಾನು ಪಟ್ಟಿ ಬಿಟ್ಟು ನೇರ ಅಲ್ಲಿಗೆ ಹೋದೆ.

ಪಿಳ್ಳಪ್ಪ ಚಾವಣಿಯ ಮೇಲೆ ಕೂತಿದ್ದ. ಹಾರಿದ್ದು ಹನ್ನೊಂದು ಹೆಂಚು, ಎಲ್ಲವೂ ಮುಂದಿನ ಮಗ್ಗುಲಿನವು. ಹಿಂದಿನ ಗೋಡೆ, ಗಟ್ಟಿ, ತಂತಿ, ತೊಲೆ ಇದ್ದ ಹಾಗೇ ಇದ್ದವು. ಮಟ್ಟಗೋಲು ಇಟ್ಟೆ, ಗುಳ್ಳೆ ನಡುವೆ ನಿಂತಿತು. ಅಕ್ಕಯ್ಯಮ್ಮ ಒಳಗಿನಿಂದ ಬಂದು, "ನೆಲ ಮುಟ್ಟಿ ನೋಡಿ ಸ್ವಾಮಿ, ಒಣಗೇ ಐತೆ," ಎಂದಳು. ಮುಟ್ಟಿ ನೋಡಿದೆ. ಒಣಗಿತ್ತು.

ಜೂನ್‌ನಲ್ಲಿ ಅವಳು ಹುಳುವಿನ ಮೊಟ್ಟೆ ತಂದಳು. ನಾಲ್ಕನೇ ಜ್ವರ ಕಳೆದ ಮೇಲೆ ಒಂದು ದಿನ ಆ ದಾರಿಯಲ್ಲಿ ಹೋದವನು ನೋಡಲು ನಿಂತೆ. ಚಪ್ಪಲಿ ಹೊರಗೆ ಬಿಡಿಸಿದಳು, ಬಾಗಿಲಲ್ಲಿ ನಿಂತರೆ ಗಾಳಿಗೆ ಅಡ್ಡ ಎಂದು ಒಳಗೆ ಕರೆದಳು. ತಟ್ಟೆಗಳ ಮೇಲೆ ಹುಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಪಕ್ಕದ ಅಡುಗೆಯ ಹೊಗೆ ಸೂರಿನ ಕೆಳಗಿನ ಸಂದಿಯಲ್ಲಿ ನೀಲಿ ಎಳೆಯಾಗಿ ಹೊರಗೆ ಹೋಗುತ್ತಿತ್ತು. ತಟ್ಟೆ ಜೋಡಿಸುವ ಅಂತರಕ್ಕೆ ಅವಳು ಉಪಯೋಗಿಸುತ್ತಿದ್ದದ್ದು ನಾನು ಕತ್ತರಿಸಿ ಕೊಟ್ಟ ಅದೇ ಮೂರಡಿಯ ಕೋಲು. ವಾರದೊಳಗೆ ಎಲ್ಲ ಹುಳುವೂ ಗೂಡು ಕಟ್ಟಿತು. ಗಂಡ ಹೆಂಡತಿ ಮೂಟೆಗಳೊಂದಿಗೆ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ ಬಂದರು ಎಂದು ಆಮೇಲೆ ತಿಳಿಯಿತು. ಬರುವಾಗ ಮುನಿಶಾಮಪ್ಪನ ಬಚ್ಚಲೊಲೆಗೆ ನಲವತ್ತು ಇಟ್ಟಿಗೆ ತಂದಿದ್ದರಂತೆ.

ಮುಂದಿನ ವರ್ಷ ಮುನಿಶಾಮಪ್ಪನೇ ಕಚೇರಿಗೆ ಬಂದ. ತನ್ನ ಹುಳುವಿಗೂ ಬೇರೆ ಮನೆ ಕಟ್ಟಬೇಕು, ಗುರುತು ಹಾಕಿಕೊಡಿ ಎಂದ. ಗೋಡೆ ಎಷ್ಟು ಎತ್ತರ ಬೇಕು ಎಂದು ಕೇಳಿದೆ.

"ಮುಂದಿನ ಗೋಡೆ ನನ್ನ ಮೊಳದಲ್ಲಿ ಆರು," ಎಂದ. ಆಮೇಲೆ ನಕ್ಕು, "ಹಿಂದಿನದು ಬೀಗರ ಮೊಳದಲ್ಲೇ ಇರ್ಲಿ ಸ್ವಾಮಿ. ಬರೋಕೆ ಹೇಳಿ ಕಳಿಸಿದ್ದೀನಿ," ಎಂದ.

ಆಮೇಲೆ ನಾನು ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದೆ. ಶಾಲೆ, ಆಸ್ಪತ್ರೆ, ಸೇತುವೆಗಳ ಮೇಲೂ ನಿಂತೆ. ಗುರುತು ಹಾಕುವ ಮುಂಚೆ ಎರಡು ಕೆಲಸ ಮಾಡದೆ ಸುಣ್ಣದ ಗೆರೆ ಎಳೆದದ್ದಿಲ್ಲ. ಮೊದಲನೆಯದು, ಒಂದು ಕೋಲು ಕತ್ತರಿಸಿ ಕೆಲಸ ಮಾಡುವವರ ಕೈಯಲ್ಲಿ ಇಡುವುದು. ಎರಡನೆಯದು, ಒಳಗೆ ಕೂತು ಕೆಲಸ ಮಾಡಬೇಕಾದವರನ್ನು ಕರೆದು, ಗಾಳಿ ಎಲ್ಲಿಂದ ಬರಬೇಕು ಎಂದು ಕೇಳುವುದು. ನನ್ನ ಕೈಕೆಳಗೆ ಬಂದ ಹೊಸ ಓವರ್ಸಿಯರುಗಳು ಅಳತೆ ಹೇಳಿದಾಗಲೆಲ್ಲ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ.

"ಯಾರ ಮೊಳ?"